ಹಸಿರು ದೀಪ ಉರಿಯುತ್ತಿದೆ, ಆದ್ರೂ ತಪ್ಪು ಪೀಸ್ ಹೋಗ್ತಿದೆ: ವಿಷನ್ ಕ್ಯಾಮೆರಾ ಮತ್ತು ಪಿಎಲ್‌ಸಿ ದೋಷ ನಿವಾರಣೆ

ಲೈನಿನ ಪೀಸ್‌ಗಳನ್ನು ಫೋಟೋ ತೆಗೆದು ಪರೀಕ್ಷಿಸುವುದು ವಿಷನ್ ಕ್ಯಾಮೆರಾ. ಅದರ ರಿಸಲ್ಟ್ ತಗೊಂಡು ಲೈನ್ ನಡೆಸುವುದು ಪಿಎಲ್‌ಸಿ, ಅಂದರೆ ಯಂತ್ರದ ಕಂಟ್ರೋಲರ್. ಕ್ಯಾಮೆರಾ ಸರಿ ಇದೆ ಅಂತ ಕ್ಯಾಮೆರಾದವರು ಹೇಳುತ್ತಾರೆ. ಪ್ರೋಗ್ರಾಂ ಸರಿ ಇದೆ ಅಂತ ಪಿಎಲ್‌ಸಿಯವರು ಹೇಳುತ್ತಾರೆ. ಎಷ್ಟೋ ಸಲ ಇಬ್ಬರ ಮಾತೂ ನಿಜ. ದೋಷ ಇರುವುದು ಇಬ್ಬರ ನಡುವೆ, ಯಾರದ್ದೂ ಅಲ್ಲದ ಆ ಜಾಗದಲ್ಲಿ. ಪೀಣ್ಯದ ಶೆಡ್ಡಾಗಲಿ, ಬಿಡದಿಯ ದೊಡ್ಡ ಪ್ಲಾಂಟಾಗಲಿ, ಲೈನ್ ನಿಂತಾಗ ಆ ಜಾಗಕ್ಕೆ ಕೈ ಹಾಕುವುದು ಮೇಂಟೆನೆನ್ಸ್‌ನವರೇ. ಈ ಬರಹ ಅವರಿಗಾಗಿ.

ಇಲ್ಲಿ ಹೇಳುವುದು ಒಳಗೇ ಪ್ರೊಸೆಸರ್ ಇರುವ ಸ್ಮಾರ್ಟ್ ಕ್ಯಾಮೆರಾ ಬಗ್ಗೆ. ಅದನ್ನು ಪಿಎಲ್‌ಸಿಗೆ ಸಾಮಾನ್ಯವಾಗಿ ಪ್ರಾಫಿನೆಟ್, ಈಥರ್‌ನೆಟ್/ಐಪಿ ಎಂಬ ಕೈಗಾರಿಕಾ ನೆಟ್‌ವರ್ಕ್‌ನಿಂದ ಅಥವಾ ನೇರ 24 ವೋಲ್ಟ್ ವೈರಿನಿಂದ ಜೋಡಿಸಿರುತ್ತಾರೆ. ಪಿಸಿಯಲ್ಲಿ ಓಡುವ ವಿಷನ್ ಸಾಫ್ಟ್‌ವೇರ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಪವರ್ ಆಫ್ ಮಾಡಬೇಡಿ

ಎಲ್ಲರೂ ಮೊದಲು ಮಾಡುವ ಕೆಲಸ ಅದೇ. ಆಫ್ ಮಾಡಿ ಆನ್ ಮಾಡಿದರೆ ಲೈನ್ ಓಡಬಹುದು, ಆದರೆ ಸುಳಿವು ಅಳಿಸಿ ಹೋಗುತ್ತದೆ. ನಾಳೆ ಅದೇ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಮೊದಲು ಮೊಬೈಲಿನಲ್ಲಿ ಕ್ಯಾಮೆರಾದ ದೀಪ, ಪಿಎಲ್‌ಸಿಯ ದೀಪ, ಸ್ವಿಚ್ಚಿನ ದೀಪ ಎಲ್ಲದರ ಫೋಟೋ ತೆಗೆಯಿರಿ. ಪಿಎಲ್‌ಸಿಯ ಡಯಾಗ್ನೋಸ್ಟಿಕ್ ಬಫರ್ ಅಥವಾ ಫಾಲ್ಟ್ ಕೋಡ್ ಬರೆದಿಟ್ಟುಕೊಳ್ಳಿ. ಎರಡೇ ನಿಮಿಷದ ಕೆಲಸ. ಪ್ರೊಡಕ್ಷನ್‌ನವರು ತಲೆ ಮೇಲೆ ನಿಂತಿದ್ದರೂ ಆ ಎರಡು ನಿಮಿಷ ಬಿಡಬೇಡಿ.

ಆಮೇಲೆ ಇದು ಯಾವ ಜಾತಿಯ ದೋಷ ಅಂತ ನೋಡಿ. ಸಂಪರ್ಕವೇ ಇಲ್ಲವಾ? ಸಂಪರ್ಕ ಇದ್ದೂ ಫೋಟೋ ತೆಗೆಯುತ್ತಿಲ್ಲವಾ? ಫೋಟೋ ತೆಗೆದು ಕಸದಂಥ ಅಂಕಿ ಕಳಿಸುತ್ತಿದೆಯಾ? ಅಥವಾ ಅಂಕಿಯೆಲ್ಲ ಸರಿ, ಆದರೆ ಅದು ಬೇರೆ ಪೀಸಿಂದಾ? ಮೊದಲನೆಯದು ನೋಡೋಕೆ ಭಯಂಕರ, ಸರಿಮಾಡೋದು ಸುಲಭ. ಕೊನೆಯದರಲ್ಲಿ ಒಂದು ಅಲಾರಂ ಕೂಡ ಬರುವುದಿಲ್ಲ. ಗ್ರಾಹಕರಿಂದ ಕಂಪ್ಲೇಂಟ್ ಬಂದಾಗಲೇ ಗೊತ್ತಾಗುವುದು.

ಸಂಪರ್ಕವೇ ಇಲ್ಲ

ಪ್ರಾಫಿನೆಟ್ ಆದರೆ ಐಪಿ ಅಡ್ರೆಸ್ ಹಿಂದೆ ಬೀಳಬೇಡಿ. ಅಲ್ಲಿ ಪಿಎಲ್‌ಸಿ ಕ್ಯಾಮೆರಾವನ್ನು ಹುಡುಕುವುದು ಹೆಸರಿನಿಂದ. ಹೆಸರು ಸಿಕ್ಕಮೇಲೆ ಐಪಿಯನ್ನು ಪಿಎಲ್‌ಸಿಯೇ ಕೊಡುತ್ತದೆ. ಹಾಗಾಗಿ ಪಿಂಗ್ ಬರುತ್ತಿದ್ದರೂ ಕೆಂಪು ದೀಪ ಇರಬಹುದು. ಹಳೆ ಕ್ಯಾಮೆರಾ ಕೆಟ್ಟು ಹೊಸದು ಹಾಕಿದ ದಿನ ಹೆಚ್ಚಾಗಿ ಆಗುವುದು ಇದೇ. ಹೊಸದಕ್ಕೆ ಇನ್ನೂ ಹೆಸರಿಲ್ಲ. ಸೀಮೆನ್ಸ್ ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಟಿಐಎ ಪೋರ್ಟಲ್‌ನಿಂದಲೋ, ಅವರದೇ ಪ್ರೊನೆಟಾ ಟೂಲ್‌ನಿಂದಲೋ ಹೆಸರು ಕೊಟ್ಟರೆ ಕೆಲಸ ಮುಗಿಯಿತು. ಹೆಸರಿನಲ್ಲಿ ಅಂಡರ್‌ಸ್ಕೋರ್ ಹಾಕುವ ಅಭ್ಯಾಸ ಇದ್ದರೆ ಬಿಡಿ. ಪ್ರಾಫಿನೆಟ್ ಅದನ್ನು ಒಪ್ಪುವುದಿಲ್ಲ. ಟಿಐಎ ಪೋರ್ಟಲ್ ಅಂಥ ಹೆಸರನ್ನು ಒಳಗೊಳಗೇ ಬೇರೆ ರೂಪಕ್ಕೆ ಬದಲಾಯಿಸುತ್ತದೆ. ನೀವು ಪರದೆ ಮೇಲೆ ಕಂಡ ಹೆಸರನ್ನೇ ಕ್ಯಾಮೆರಾಕ್ಕೆ ಟೈಪ್ ಮಾಡಿದರೆ ಎರಡೂ ಹೊಂದುವುದಿಲ್ಲ. ಸಣ್ಣ ಅಕ್ಷರ, ಅಂಕಿ, ಹೈಫನ್ ಇಷ್ಟೇ ಸಾಕು.

ಹೆಸರು ಸರಿ ಇದ್ದೂ ತಕರಾರು ಬಂದರೆ ಜಿಎಸ್‌ಡಿ ಫೈಲ್ (ಕ್ಯಾಮೆರಾವನ್ನು ಪಿಎಲ್‌ಸಿ ಪ್ರಾಜೆಕ್ಟಿಗೆ ಪರಿಚಯಿಸುವ ಫೈಲ್) ನೋಡಿ. ಕ್ಯಾಮೆರಾದ ಫರ್ಮ್‌ವೇರ್ ಬದಲಾಗಿ ಫೈಲ್ ಹಳೆಯದೇ ಉಳಿದಿರಬಹುದು. ಇಲ್ಲವೇ ಪ್ರಾಜೆಕ್ಟಿನಲ್ಲಿ ಹಾಕಿದ ಮಾಡ್ಯೂಲಿನ ಅಳತೆಯೇ ಬೇರೆ, ಕ್ಯಾಮೆರಾದಲ್ಲಿ ಇರುವುದೇ ಬೇರೆ ಆಗಿರಬಹುದು.

ಈಥರ್‌ನೆಟ್/ಐಪಿಯಲ್ಲಿ ಐಪಿಯೇ ಮುಖ್ಯ. ರಾಕ್‌ವೆಲ್‌ನವರ ಲಾಜಿಕ್ಸ್ ಕಂಟ್ರೋಲರ್ ಆದರೆ ಮಾಡ್ಯೂಲ್ ಮೇಲಿನ ಫಾಲ್ಟ್ ಕೋಡ್ ಅರ್ಧ ಕೆಲಸ ಮಾಡಿಕೊಡುತ್ತದೆ. 16#0204 ಅಂದರೆ ಕೇಳಿದ ಮಾತಿಗೆ ಉತ್ತರವೇ ಬಂದಿಲ್ಲ. ಕೇಬಲ್, ಐಪಿ, ಸಬ್‌ನೆಟ್ ನೋಡಿ. 16#0203 ಅಂದರೆ ಸಂಪರ್ಕ ಇತ್ತು, ನಡುವೆ ಕಡಿದಿದೆ. 16#0109 ಅಂದರೆ ಎರಡೂ ಕಡೆ ಬೈಟ್ ಲೆಕ್ಕ ಹೊಂದುತ್ತಿಲ್ಲ. 16#0106 ಅಂದರೆ ಈ ಕ್ಯಾಮೆರಾವನ್ನು ಇನ್ನೊಂದು ಕಂಟ್ರೋಲರ್ ಆಗಲೇ ಹಿಡಿದುಕೊಂಡಿದೆ. ಟ್ರಯಲ್‌ಗೆ ಅಂತ ಟೇಬಲ್ ಮೇಲೆ ಇಟ್ಟ ಪಿಎಲ್‌ಸಿಯನ್ನು ಯಾರೋ ಅದೇ ನೆಟ್‌ವರ್ಕ್‌ಗೆ ಚುಚ್ಚಿದಾಗ ಈ ಕೊನೆಯದು ಬರುತ್ತದೆ.

ಕ್ಯಾಮೆರಾದ ಒಳಗೆ ಪ್ರೋಟೋಕಾಲ್ ಆಯ್ಕೆ ಆಗಿದೆಯಾ ಅಂತಲೂ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಪ್ರಾಫಿನೆಟ್ ಅಥವಾ ಈಥರ್‌ನೆಟ್/ಐಪಿ, ಯಾವುದಾದರೂ ಒಂದನ್ನು ಆರಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ.

ಟ್ರಿಗರ್ ಹೋಗುತ್ತದೆ, ಫೋಟೋ ಬರುವುದಿಲ್ಲ

ಟ್ರಿಗರ್ ಅಂದರೆ ‘ಈಗ ಫೋಟೋ ತೆಗಿ’ ಅನ್ನುವ ಸಿಗ್ನಲ್. ಮೊದಲ ಪ್ರಶ್ನೆ: ಕ್ಯಾಮೆರಾ ಆನ್‌ಲೈನ್ ಇದೆಯಾ? ಯಾರೋ ಲ್ಯಾಪ್‌ಟಾಪ್ ಹಾಕಿ ಎಕ್ಸ್‌ಪೋಷರ್ ಬದಲಾಯಿಸಲು ಆಫ್‌ಲೈನ್ ಮಾಡಿದ್ದಾರೆ, ಕೆಲಸ ಮುಗಿಸಿ ಹಾಗೇ ಹೋಗಿದ್ದಾರೆ. ನೆಟ್‌ವರ್ಕ್ ದೀಪ ಹಸಿರೇ ಇರುತ್ತದೆ. ಟ್ರಿಗರ್ ಮಾತ್ರ ತಗೊಳ್ಳಲ್ಲ. ಎರಡನೆಯದು ಟ್ರಿಗರ್ ಮೋಡ್. ಕ್ಯಾಮೆರಾ ತನ್ನ ವೈರಿನಿಂದ ಟ್ರಿಗರ್ ಬರಲಿ ಅಂತ ಕಾಯುತ್ತಿರುತ್ತದೆ, ನೀವು ನೆಟ್‌ವರ್ಕಿನಿಂದ ಕಳಿಸುತ್ತಿರುತ್ತೀರಿ. ಪವರ್ ಹೋಗಿ ಬಂದ ಮೇಲೆ ಶುರುವಾದ ತೊಂದರೆ ಆದರೆ, ಜಾಬ್ (ಕ್ಯಾಮೆರಾದ ಒಳಗಿನ ಪರೀಕ್ಷೆಯ ಪ್ರೋಗ್ರಾಂ) ಸೇವ್ ಆಗಿದೆಯಾ, ಸ್ಟಾರ್ಟಪ್ ಜಾಬ್ ಯಾವುದು, ಆನ್ ಆದ ಕೂಡಲೇ ಆನ್‌ಲೈನ್ ಬರುವಂತೆ ಟಿಕ್ ಹಾಕಿದೆಯಾ ಅಂತ ನೋಡಿ.

ಇವೆಲ್ಲ ಸರಿ ಇದ್ದೂ ಟ್ರಿಗರ್ ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿದ್ದರೆ ಲ್ಯಾಡರ್ (ಪಿಎಲ್‌ಸಿಯ ಪ್ರೋಗ್ರಾಂ) ತೆರೆಯಿರಿ. ಹೆಚ್ಚಿನ ಸಲ ಟ್ರಿಗರ್ ಬಿಟ್ಟನ್ನು ಒಂದೇ ಸ್ಕ್ಯಾನಿನ (ಪ್ರೋಗ್ರಾಂ ಒಂದು ಸುತ್ತು ಓಡುವ ಹೊತ್ತಿನ) ಪಲ್ಸ್ ಆಗಿ ಬರೆದಿರುತ್ತಾರೆ. ಲೆಕ್ಕ ಹಾಕಿ. ಸ್ಕ್ಯಾನ್ ಟೈಮ್ 3 ಮಿಲಿಸೆಕೆಂಡ್. ನೆಟ್‌ವರ್ಕ್‌ನಲ್ಲಿ ಡೇಟಾ ಹೋಗುವುದು 20 ಮಿಲಿಸೆಕೆಂಡಿಗೊಮ್ಮೆ. ಆ ಬಿಟ್ ಎರಡು ಪ್ಯಾಕೆಟ್‌ಗಳ ನಡುವೆ ಎದ್ದು, ನಡುವೆಯೇ ಬಿದ್ದರೆ ಕ್ಯಾಮೆರಾಕ್ಕೆ ಕಾಣಿಸುವುದೇ ಇಲ್ಲ. ಸೆನ್ಸರ್ ಕೆಟ್ಟಿದೆ ಅಂತ ಬದಲಾಯಿಸುತ್ತಾರೆ, ಕೇಬಲ್ ಬದಲಾಯಿಸುತ್ತಾರೆ, ದೋಷ ಅಲ್ಲೇ ಕೂತಿರುತ್ತದೆ.

ಸರಿಯಾದ ದಾರಿ ಅಂದರೆ ಕೊಟ್ಟು ತಗೊಳ್ಳುವ ಹ್ಯಾಂಡ್‌ಶೇಕ್. ಪಿಎಲ್‌ಸಿ ಟ್ರಿಗರ್ ಎನೇಬಲ್ ಏರಿಸುತ್ತದೆ. ಕ್ಯಾಮೆರಾ ರೆಡಿ ಅನ್ನುತ್ತದೆ. ರೆಡಿ ಕಂಡ ಮೇಲೆ ಪಿಎಲ್‌ಸಿ ಟ್ರಿಗರ್ ಏರಿಸುತ್ತದೆ, ಏರಿಸಿ ಹಿಡಿದುಕೊಂಡಿರುತ್ತದೆ. ಕ್ಯಾಮೆರಾ ಟ್ರಿಗರ್ ಅಕ್ನಾಲೆಜ್ ಕೊಟ್ಟ ಮೇಲೆಯೇ ಕೆಳಗಿಳಿಸುತ್ತದೆ. ಟೈಮರ್ ಇಲ್ಲಿ ಒಂದೇ ಕಡೆ ಬೇಕು. ಇಷ್ಟು ಹೊತ್ತಿನಲ್ಲಿ ಅಕ್ನಾಲೆಜ್ ಬರದಿದ್ದರೆ ಲೈನ್ ನಿಲ್ಲಿಸಿ ಅಲಾರಂ ಕೊಡಲು.

ವೈರಿನ ಟ್ರಿಗರ್ ಆದರೆ ಮಲ್ಟಿಮೀಟರ್ ಸಾಕು. ಸೆನ್ಸರ್ ಪಿಎನ್‌ಪಿಯಾ (24 ವೋಲ್ಟ್ ಕೊಡುವುದು) ಎನ್‌ಪಿಎನ್ನಾ (0 ವೋಲ್ಟಿಗೆ ಎಳೆಯುವುದು), ಕ್ಯಾಮೆರಾದ ಇನ್‌ಪುಟ್ ಯಾವುದನ್ನು ಕೇಳುತ್ತದೆ, ಕಾಮನ್ ಎಲ್ಲಿಗೆ ಹೋಗಿದೆ. ಎರಡು ಬೇರೆ ಎಸ್‌ಎಂಪಿಎಸ್ (24 ವೋಲ್ಟ್ ಪವರ್ ಸಪ್ಲೈ) ಇದ್ದು ಅವುಗಳ 0 ವೋಲ್ಟ್ ಸೇರಿಸದೇ ಇದ್ದರೆ ಸಿಗ್ನಲ್ ತೇಲುತ್ತದೆ. ಇಷ್ಟೇ ವಿಷಯ.

ಕ್ಯಾಮೆರಾದಿಂದ ವೈರಿನಲ್ಲಿ ಪಿಎಲ್‌ಸಿಗೆ ರಿಸಲ್ಟ್ ಬರುತ್ತಿದ್ದರೆ ಮಾತ್ರ ಇನ್ನೊಂದು ಸೂಕ್ಷ್ಮ ಇದೆ. ಸೀಮೆನ್ಸ್‌ನ ಎಸ್7-1200 ಪಿಎಲ್‌ಸಿಯಲ್ಲಿ ಇನ್‌ಪುಟ್ ಫಿಲ್ಟರ್ ಮೊದಲಿಂದಲೇ 6.4 ಮಿಲಿಸೆಕೆಂಡ್‌ಗೆ ಇಟ್ಟಿರುತ್ತದೆ. ಕ್ಯಾಮೆರಾ 5 ಮಿಲಿಸೆಕೆಂಡಿನ ಪಲ್ಸ್ ಕೊಟ್ಟರೆ ಫಿಲ್ಟರ್ ಅದನ್ನು ನಾಯ್ಸ್ ಅಂತ ತಳ್ಳಿಬಿಡುತ್ತದೆ. ಪಲ್ಸ್ ಅಗಲ ಮಾಡಿ. ಫಿಲ್ಟರ್ ಮತ್ತು ಸ್ಕ್ಯಾನ್ ಎರಡೂ ಕೂಡಿದ್ದಕ್ಕಿಂತ ಜಾಸ್ತಿ ಇರಲಿ.

ವೇಗದ ಲೈನಿನಲ್ಲಿ ಇನ್ನೊಂದು ದೂರು ಬರುತ್ತದೆ: ಫೋಟೋ ಬರುತ್ತದೆ, ಆದರೆ ಬಾಟಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕನ್ವೇಯರ್ ನಿಮಿಷಕ್ಕೆ 30 ಮೀಟರ್ ಓಡಿದರೆ ಸೆಕೆಂಡಿಗೆ 500 ಮಿಲಿಮೀಟರ್ ಆಯಿತು. ಸ್ಕ್ಯಾನ್‌ನಿಂದ 10, ನೆಟ್‌ವರ್ಕ್‌ನಿಂದ 10 ಮಿಲಿಸೆಕೆಂಡ್ ಹೆಚ್ಚುಕಮ್ಮಿ ಆದರೆ ಬಾಟಲಿ 10 ಮಿಲಿಮೀಟರ್ ಅತ್ತಿತ್ತ ಆಗುತ್ತದೆ. ತಡ ಒಂದೇ ಥರ ಇದ್ದರೆ ಸೆನ್ಸರ್ ಸ್ವಲ್ಪ ಸರಿಸಿ ಸರಿಮಾಡಬಹುದು. ಒಂದೊಂದು ಸಲ ಒಂದೊಂದು ಥರ ಆದರೆ ಏನು ಮಾಡುತ್ತೀರಿ? ಅಲ್ಲಿ ಟ್ರಿಗರನ್ನು ಸೆನ್ಸರ್‌ನಿಂದ ನೇರ ಕ್ಯಾಮೆರಾಕ್ಕೆ ವೈರ್ ಎಳೆಯಿರಿ. ರಿಸಲ್ಟ್ ಮಾತ್ರ ನೆಟ್‌ವರ್ಕಿನಲ್ಲಿ ಬರಲಿ. ನನ್ನ ಮಟ್ಟಿಗೆ ಓಡುವ ಬೆಲ್ಟ್ ಮೇಲೆ ನೆಟ್‌ವರ್ಕ್ ಟ್ರಿಗರ್ ಕೊಡುವುದೇ ತಪ್ಪು. ಪೀಸ್ ನಿಂತು ಹೋಗುವ ಇಂಡೆಕ್ಸಿಂಗ್ ಟೇಬಲ್ ಆದರೆ ಪರವಾಗಿಲ್ಲ.

ಅಂಕಿ ಬರುತ್ತದೆ, ಅರ್ಥ ಇಲ್ಲ

ಕ್ಯಾಮೆರಾ 300 ಕಳಿಸುತ್ತದೆ, ಎಚ್‌ಎಂಐ (ಯಂತ್ರದ ಮೇಲಿನ ಪರದೆ) 11265 ತೋರಿಸುತ್ತದೆ. ಇದು ಕೆಟ್ಟ ಡೇಟಾ ಅಲ್ಲ, ತಿರುಗಿದ ಡೇಟಾ. 300 ಅಂದರೆ ಒಂದು 256 ಮತ್ತು 44. ಮೇಲಿನ ಬೈಟ್ 1, ಕೆಳಗಿನದು 44. ಅದಲು ಬದಲಾದರೆ 44 ಸಲ 256, ಅದಕ್ಕೆ 1 ಸೇರಿಸಿ. ಆಯಿತು 11265. ಅದೇ ಥರ 1 ಬರಬೇಕಾದಲ್ಲಿ 256 ಬರುತ್ತದೆ. ಸೀಮೆನ್ಸ್ ಪಿಎಲ್‌ಸಿ ದೊಡ್ಡ ಬೈಟನ್ನು ಮೊದಲು ಇಡುತ್ತದೆ, ಲಾಜಿಕ್ಸ್ ಸಣ್ಣದನ್ನು ಮೊದಲು ಇಡುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಬೈಟ್ ಆರ್ಡರ್ ಬದಲಾಯಿಸಲು ಬಂದರೆ ಅಲ್ಲೇ ಬದಲಾಯಿಸಿ. ಇಲ್ಲದಿದ್ದರೆ ಪಿಎಲ್‌ಸಿಯಲ್ಲಿ ಸ್ವಾಪ್ ಇನ್‌ಸ್ಟ್ರಕ್ಷನ್ ಇದೆ. ಎರಡೂ ಕಡೆ ಮಾಡಬೇಡಿ!

ದಶಮಾಂಶ ಇರುವ ರಿಯಲ್ ನಂಬರ್‌ಗಳಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. 12.5 ತಿರುಗಿದರೆ ಸೊನ್ನೆಗೆ ಅಂಟಿಕೊಂಡಂಥ ಅತಿ ಸಣ್ಣ ಸಂಖ್ಯೆ ಆಗುತ್ತದೆ. ಎಚ್‌ಎಂಐ 0.00 ಅಂತ ತೋರಿಸುತ್ತದೆ. ‘ಡೇಟಾನೇ ಬರ್ತಿಲ್ಲ ಸಾರ್’ ಅಂತ ಫೋನ್ ಬರುತ್ತದೆ. ಬರುತ್ತಿದೆ. ಆ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ನೋಡಿದರೆ ಕಾಣುತ್ತದೆ.

ಮೊದಲ ಅಂಕಿ ಸರಿ, ಎರಡನೆಯದರಿಂದ ಎಲ್ಲ ತಪ್ಪು ಅಂದರೆ ಬೈಟ್ ಜಾರಿದೆ. ಕ್ಯಾಮೆರಾ ಒಂದು ಬೈಟಿನ ಹಿಂದೆಯೇ ನಾಲ್ಕು ಬೈಟಿನ ಪೂರ್ಣಾಂಕ (ಡಿಂಟ್) ಒತ್ತಿ ಕಳಿಸುತ್ತದೆ. ಲಾಜಿಕ್ಸ್‌ನ ಯುಡಿಟಿ (ನಾವೇ ಕಟ್ಟುವ ಡೇಟಾ ಟೈಪ್) ನಡುವೆ ಮೂರು ಖಾಲಿ ಬೈಟ್ ಬಿಟ್ಟುಕೊಂಡಿರುತ್ತದೆ. ದೊಡ್ಡ ಟೈಪ್‌ಗಳನ್ನು ಮೊದಲು, ಬೈಟ್‌ಗಳನ್ನು ಕೊನೆಗೆ ಜೋಡಿಸಿದರೆ ಈ ರಗಳೆ ಇಲ್ಲ. ಬಾರ್‌ಕೋಡಿನಂಥ ಅಕ್ಷರಗಳು ಬರುತ್ತಿದ್ದರೆ ಸ್ಟ್ರಿಂಗಿನ ತಲೆ ನೋಡಿ. ಸೀಮೆನ್ಸ್ ಸ್ಟ್ರಿಂಗಿನಲ್ಲಿ ಅಕ್ಷರಗಳ ಮುಂದೆ ಉದ್ದದ ಎರಡು ಬೈಟ್ ಇರುತ್ತದೆ, ಲಾಜಿಕ್ಸ್‌ನಲ್ಲಿ ನಾಲ್ಕು. ಮೊದಲ ಎರಡು ಅಕ್ಷರ ನುಂಗಿ ಹೋಗುವುದು ಇದರಿಂದಲೇ.

ಊಹೆ ಮಾಡುತ್ತಾ ಕೂರುವ ಬದಲು ಕ್ಯಾಮೆರಾ ಜಾಬಿನಲ್ಲಿ ಅಳತೆಯ ಜಾಗದಲ್ಲಿ ಸುಮ್ನೆ 300 ಮತ್ತು 12.5 ಅಂತ ಟೈಪ್ ಮಾಡಿ ಕಳಿಸಿ. ಎರಡೂ ಸರಿಯಾಗಿ ಬಂದು ಕೂತ ಮೇಲೆ ನಿಜವಾದ ಅಳತೆ ಜೋಡಿಸಿ.

ರಿಸಲ್ಟ್ ಸರಿ, ಪೀಸ್ ಬೇರೆ

ಲಕ್ಷಣ ಹೀಗಿರುತ್ತದೆ. ಕ್ಯಾಮೆರಾ ಪರದೆಯಲ್ಲಿ ಮುಚ್ಚಳ ಇಲ್ಲದ ಬಾಟಲಿಗೆ ಎನ್‌ಜಿ (ನಾಟ್ ಗುಡ್) ಬಂದಿದೆ. ಕೆಟ್ಟ ಪೀಸನ್ನು ಹೊರತಳ್ಳುವ ರಿಜೆಕ್ಟರ್ ಒದ್ದಿದ್ದು ಅದರ ಹಿಂದೆ ಬಂದ ಒಳ್ಳೆ ಬಾಟಲಿಯನ್ನು. ಎನ್‌ಜಿ ಬಾಟಲಿ ನಗುತ್ತಾ ಬಾಕ್ಸಿಗೆ ಹೋಗಿದೆ. ಎಲ್ಲ ದೀಪ ಹಸಿರು.

ಮೊದಲ ಕಾರಣ ಟೈಮರ್. ‘ಇನ್‌ಸ್ಪೆಕ್ಷನ್‌ಗೆ 60 ಮಿಲಿಸೆಕೆಂಡ್ ಸಾಕು, 100 ಇಟ್ಟು ಓದೋಣ’ ಅಂತ ಯಾರೋ ಬರೆದಿರುತ್ತಾರೆ. ಒಳ್ಳೆ ಪೀಸಿಗೆ 60 ನಿಜ. ಕೆಟ್ಟ ಪೀಸಿಗೆ? ಕೋಡ್ ಅಳಿಸಿದ್ದರೆ, ಪ್ಯಾಟರ್ನ್ ಸಿಗದಿದ್ದರೆ, ಕ್ಯಾಮೆರಾ ತನ್ನ ಟೈಮ್‌ಔಟ್ ಮುಗಿಯುವವರೆಗೂ ಹುಡುಕುತ್ತದೆ. 180 ಆಗಬಹುದು. ನೀವು 100ರಲ್ಲಿ ಓದಿದಾಗ ಅಲ್ಲಿರುವುದು ಹಿಂದಿನ ಪೀಸಿನ ಓಕೆ. ಅಂದರೆ ಯಾವ ಪೀಸ್ ಹಿಡಿಯಬೇಕೋ ಅದೇ ಪೀಸಿನಲ್ಲಿ ಟೈಮರ್ ಕೈಕೊಡುತ್ತದೆ. ಒಳ್ಳೆ ಪೀಸ್‌ಗಳಲ್ಲಿ ಎಷ್ಟೇ ಟ್ರಯಲ್ ಮಾಡಿದರೂ ಇದು ಸಿಗುವುದಿಲ್ಲ.

ಎರಡನೆಯದು ಅಕ್ನಾಲೆಜ್ ಮರೆತಿರುವುದು. ರಿಸಲ್ಟ್ ಬಫರಿಂಗ್ ಆನ್ ಇದ್ದರೆ, ಪಿಎಲ್‌ಸಿ ‘ತಗೊಂಡೆ’ ಅನ್ನುವವರೆಗೆ ಕ್ಯಾಮೆರಾ ಹಳೆಯದನ್ನೇ ಮುಂದೆ ಹಿಡಿದಿರುತ್ತದೆ. ಹೊಸದು ಸಾಲಿನಲ್ಲಿ ನಿಲ್ಲುತ್ತದೆ. ಒಂದು ಅಕ್ನಾಲೆಜ್ ತಪ್ಪಿದರೆ ಅಲ್ಲಿಂದ ಮುಂದೆ ಲೈನ್ ನಿಲ್ಲಿಸುವವರೆಗೂ ಪ್ರತಿ ಪೀಸಿಗೂ ಹಿಂದಿನದರ ರಿಸಲ್ಟ್. ಪವರ್ ಆಫ್ ಆನ್ ಮಾಡಿದಾಗ ಸಾಲು ಖಾಲಿಯಾಗಿ ಸರಿಹೋಗುತ್ತದೆ. ಸುಳಿವು ಅಳಿಸಿಹೋಗುತ್ತದೆ ಅಂದಿದ್ದು ಇದಕ್ಕೇ.

ಮೂರನೆಯದು ಎಡ್ಜ್. ಕೆಲವು ಕ್ಯಾಮೆರಾಗಳಲ್ಲಿ ಇನ್‌ಸ್ಪೆಕ್ಷನ್ ಕಂಪ್ಲೀಟೆಡ್ ಬಿಟ್ ಪಲ್ಸ್ ಅಲ್ಲ, ಟಾಗಲ್. ಒಂದು ಪೀಸಿಗೆ 1, ಮುಂದಿನದಕ್ಕೆ 0. ಅದರ ಮೇಲೆ ರೈಸಿಂಗ್ ಎಡ್ಜ್ (ಸೊನ್ನೆಯಿಂದ ಒಂದಕ್ಕೆ ಏರುವುದನ್ನು ಮಾತ್ರ ಹಿಡಿಯುವುದು) ಹಾಕಿದರೆ ಒಂದು ಬಿಟ್ಟು ಒಂದು ಪೀಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸರಿಯಾಗಿ ಅರ್ಧ ಕಾಣೆಯಾಗುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ನಾಲ್ಕನೆಯದು ಟ್ರಿಗರ್ ಲೆಕ್ಕವೇ ತಪ್ಪುವುದು. ಹೊಳೆಯುವ ಪೆಟ್ ಬಾಟಲಿ ಮೇಲೆ ಫೋಟೋ ಸೆನ್ಸರ್ ಒಂದು ಬಾಟಲಿಗೆ ಎರಡು ಸಲ ಮಿನುಗುತ್ತದೆ. ಇಲ್ಲವೇ ಎರಡು ಬಾಟಲಿ ಅಂಟಿಕೊಂಡು ಬಂದು ಒಂದೇ ಆಗಿ ಕಾಣುತ್ತವೆ. ಪಿಎಲ್‌ಸಿಯ ಶಿಫ್ಟ್ ರಿಜಿಸ್ಟರ್ (ಯಾವ ಪೀಸ್ ಎಲ್ಲಿದೆ ಅಂತ ನೆನಪಿಡುವ ಸಾಲು) ಒಂದು ಲೆಕ್ಕ ಹಿಡಿಯುತ್ತದೆ, ಕ್ಯಾಮೆರಾ ಇನ್ನೊಂದು.

ಇವುಗಳಲ್ಲಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಎಚ್‌ಎಂಐನ ಒಂದು ಪುಟದಲ್ಲಿ ನಾಲ್ಕು ಕೌಂಟರ್ ಹಾಕಿ. ಸೆನ್ಸರ್ ಎಷ್ಟು ಕಂಡಿತು, ಕ್ಯಾಮೆರಾ ಎಷ್ಟು ಫೋಟೋ ತೆಗೆಯಿತು, ಪಿಎಲ್‌ಸಿ ಎಷ್ಟು ರಿಸಲ್ಟ್ ತಗೊಂಡಿತು, ರಿಜೆಕ್ಟರ್ ಎಷ್ಟು ಒದ್ದಿತು. ಎಲ್ಲವನ್ನೂ ಸೊನ್ನೆ ಮಾಡಿ, ಎಣಿಸಿದ 200 ಪೀಸ್ ಬಿಡಿ. ಸೆನ್ಸರ್ 203 ಅಂದರೆ ಮಿನುಗುತ್ತಿದೆ. ಸೆನ್ಸರ್ 200, ಕ್ಯಾಮೆರಾ 197 ಅಂದರೆ ಟ್ರಿಗರ್ ಕಳೆದುಹೋಗುತ್ತಿದೆ. ಕ್ಯಾಮೆರಾ 200, ರಿಸಲ್ಟ್ 100 ಅಂದರೆ ಟಾಗಲ್. ಮೊದಲ ಮೂರೂ 200 ಇದ್ದು ತಪ್ಪು ಪೀಸ್ ಬೀಳುತ್ತಿದ್ದರೆ ಟೈಮರ್, ಬಫರ್ ಅಥವಾ ಶಿಫ್ಟ್ ರಿಜಿಸ್ಟರ್‌ನ ದೂರ.

ಈ 200ರಲ್ಲಿ ಕೆಟ್ಟ ಪೀಸ್‌ಗಳನ್ನು ಗೊತ್ತಿರುವ ಜಾಗದಲ್ಲಿ ಇಡಿ. ಒಂದು ಒಂಟಿಯಾಗಿ, ಎರಡು ಜೊತೆಯಾಗಿ, ಒಂದು ಬಿಟ್ಟು ಒಂದು. ಮಾರ್ಕರಿನಲ್ಲಿ ನಂಬರ್ ಬರೆಯಿರಿ. ಯಾವ ನಂಬರ್ ಟ್ರೇಗೆ ಬಿತ್ತು ಅಂತ ನೋಡಿದರೆ ರಿಸಲ್ಟ್ ಎಷ್ಟು ಪೀಸ್ ಹಿಂದಿದೆ ಅಂತ ನೇರ ತಿಳಿಯುತ್ತದೆ.

ರಿಪೇರಿ ಮಾಡುವಾಗ ಟೈಮರ್‌ನ ಸಂಖ್ಯೆ ಹೆಚ್ಚಿಸಿ ಹೋಗಬೇಡಿ. ರಿಸಲ್ಟ್ ವ್ಯಾಲಿಡ್ ಬಿಟ್ ಕಂಡ ಮೇಲೆಯೇ ಓದಿ. ಪೂರ್ತಿ ಡೇಟಾ ನಕಲು ಮಾಡಿಕೊಂಡು ಆಮೇಲೆ ಅಕ್ನಾಲೆಜ್ ಕೊಡಿ. ವ್ಯಾಲಿಡ್ ಇಳಿದ ಮೇಲೆ ಅಕ್ನಾಲೆಜ್ ಇಳಿಸಿ. ಕ್ಯಾಮೆರಾ ಪ್ರತಿ ಫೋಟೋಗೆ ಒಂದು ಐಡಿ ಕೊಟ್ಟರೆ ಅದನ್ನು ಪೀಸಿನ ನಂಬರಿಗೆ ಹೊಂದಿಸಿ. ಹೊಂದದಿದ್ದರೆ ಲೈನ್ ನಿಲ್ಲಲಿ. ಶಿಫ್ಟ್ ರಿಜಿಸ್ಟರ್ ಎನ್‌ಕೋಡರ್ (ಬೆಲ್ಟ್ ಎಷ್ಟು ಸರಿಯಿತು ಅಂತ ಅಳೆಯುವ ಸಾಧನ) ಮೇಲೆ ಓಡಲಿ, ಸಮಯದ ಮೇಲೆ ಬೇಡ. ಬೆಲ್ಟ್ ವೇಗ ಬದಲಾದರೆ ಸಮಯದ ಲೆಕ್ಕ ಕೆಡುತ್ತದೆ.

ಇನ್ನೊಂದು ಮಾತು, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಸಂಪರ್ಕ ಕಡಿದಾಗ ಪಿಎಲ್‌ಸಿಯಲ್ಲಿ ಕ್ಯಾಮೆರಾದ ಬಿಟ್‌ಗಳು ಏನಾಗುತ್ತವೆ? ಸೀಮೆನ್ಸ್‌ನಲ್ಲಿ ಸಾಮಾನ್ಯವಾಗಿ ಸೊನ್ನೆ ಆಗುತ್ತವೆ. ಲಾಜಿಕ್ಸ್‌ನಲ್ಲಿ ಕೊನೆಯ ಬೆಲೆಯೇ ಉಳಿಯುತ್ತದೆ. ನಿಮ್ಮ ಲಾಜಿಕ್ ‘ಎನ್‌ಜಿ ಬಿಟ್ ಬಂದರೆ ಒದೆ’ ಅಂತ ಇದ್ದರೆ, ಸೀಮೆನ್ಸ್‌ನಲ್ಲಿ ಕೇಬಲ್ ಕಿತ್ತರೂ ಎಲ್ಲ ಪೀಸ್ ಪಾಸ್. ಲಾಜಿಕ್ಸ್‌ನಲ್ಲಿ ಓಕೆ ಬಿಟ್ 1 ಇದ್ದಾಗ ಕಿತ್ತರೆ ಓಕೆ ಹಾಗೇ ನಿಂತಿರುತ್ತದೆ. ಆದ್ದರಿಂದ ಪ್ರತಿ ಪೀಸನ್ನೂ ಟ್ರಿಗರ್ ಹೊತ್ತಿಗೆ ಎನ್‌ಜಿ ಅಂತಲೇ ಬರೆದಿಡಿ. ಅದೇ ಪೀಸಿನ ಹೊಸ ಓಕೆ ಬಂದರೆ ಮಾತ್ರ ಬದಲಾಯಿಸಿ. ಸಂಪರ್ಕದ ಸ್ಥಿತಿಯನ್ನೂ ಲಾಜಿಕ್‌ಗೆ ಸೇರಿಸಿ. ಪರೀಕ್ಷೆ ಸುಲಭ: ಲೈನ್ ಖಾಲಿ ಓಡುವಾಗ ಕ್ಯಾಮೆರಾದ ಕೇಬಲ್ ಕಿತ್ತು ಎರಡು ಪೀಸ್ ಬಿಡಿ. ಎರಡೂ ರಿಜೆಕ್ಟ್ ಟ್ರೇಗೆ ಬೀಳಬೇಕು, ಇಲ್ಲವೇ ಲೈನ್ ನಿಲ್ಲಬೇಕು.

ಯಾವಾಗಲೋ ಒಮ್ಮೆ ಕಡಿಯುತ್ತದೆ

ಯಾವಾಗ ಅಂತ ಕೇಳಿ. ಸಿಲಿಂಡರ್ ಚಲಿಸಿದಾಗಲಾ, ಮೋಟಾರಿನ ಡ್ರೈವ್ ಶುರುವಾದಾಗಲಾ, ಎನ್‌ಜಿ ಜಾಸ್ತಿ ಬಂದಾಗಲಾ?

ಎನ್‌ಜಿ ಜಾಸ್ತಿ ಬಂದಾಗ ಅಂದರೆ ಚಿತ್ರಗಳ ಮೇಲೆ ಅನುಮಾನ ಇಡಿ. ಕೆಟ್ಟ ಪೀಸಿನ ಫೋಟೋಗಳನ್ನು ಕ್ಯಾಮೆರಾ ಎಫ್‌ಟಿಪಿಯಲ್ಲಿ ಸರ್ವರಿಗೆ ಕಳಿಸುತ್ತಿರುತ್ತದೆ. ಅದೇ ಕೇಬಲ್, ಅದೇ ಅಗ್ಗದ ಸ್ವಿಚ್, ಅದರಲ್ಲೇ ಪಿಎಲ್‌ಸಿಯ ಪ್ಯಾಕೆಟ್ ಕೂಡ. ಪ್ರಾಫಿನೆಟ್‌ನಲ್ಲಿ ಸಾಮಾನ್ಯವಾಗಿ ಮೂರು ಅಪ್‌ಡೇಟ್ ಸತತ ತಪ್ಪಿದರೆ ಸಂಪರ್ಕ ಬೀಳುತ್ತದೆ. ಅಪ್‌ಡೇಟ್ 2 ಮಿಲಿಸೆಕೆಂಡ್‌ಗೆ ಇಟ್ಟಿದ್ದರೆ 6 ಮಿಲಿಸೆಕೆಂಡಿನಲ್ಲಿ ಕತೆ ಮುಗಿಯಿತು. ಕ್ಯಾಮೆರಾಕ್ಕೆ 2 ಮಿಲಿಸೆಕೆಂಡ್ ಯಾಕೆ ಬೇಕು? 8 ಅಥವಾ 16 ಇಡಿ. ಸ್ವಿಚ್ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಾಯಿಸಲು ಬರುವಂಥದ್ದು) ಆಗಿರಲಿ. ಈಥರ್‌ನೆಟ್/ಐಪಿಯಲ್ಲಿ ಮಲ್ಟಿಕಾಸ್ಟ್ (ಒಂದೇ ಪ್ಯಾಕೆಟ್ ಹಲವರಿಗೆ ಕಳಿಸುವುದು) ಬಳಸಿದ್ದರೆ ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಮಾಡಿ, ಇಲ್ಲದಿದ್ದರೆ ಆ ಪ್ಯಾಕೆಟ್‌ಗಳು ಪ್ರತಿ ಪೋರ್ಟಿಗೂ ನುಗ್ಗುತ್ತವೆ. ಸ್ವಿಚ್ಚಿನಲ್ಲಿ ಒಂದು ಪೋರ್ಟನ್ನು 100 ಫುಲ್ ಡುಪ್ಲೆಕ್ಸ್‌ಗೆ ಕಟ್ಟಿಹಾಕಿ ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟಿದ್ದರೆ, ಕ್ಯಾಮೆರಾ ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಕಡಿಮೆ ಟ್ರಾಫಿಕ್‌ನಲ್ಲಿ ಚೆನ್ನಾಗೇ ಇದ್ದು, ಜಾಸ್ತಿ ಆದಾಗ ಮಾತ್ರ ಒದ್ದಾಡುತ್ತದೆ.

ಸಿಲಿಂಡರ್ ಚಲಿಸಿದಾಗ ಅಂದರೆ ಎರಡು ಸಾಧ್ಯತೆ. ಕ್ಯಾಮೆರಾ ಚಲಿಸುವ ತಲೆಯ ಮೇಲಿದ್ದರೆ ಡ್ರ್ಯಾಗ್ ಚೈನಿನ ಕೇಬಲ್ ಒಳಗೆ ಮುರಿದಿದೆ. ಹೊರಗೆ ಏನೂ ಕಾಣದು. ಕೈಯಲ್ಲಿ ಬಗ್ಗಿಸುತ್ತಾ ಲಿಂಕ್ ದೀಪ ನೋಡಿ. ಕ್ಯಾಮೆರಾ ಸ್ಥಿರ ಇದ್ದರೆ 24 ವೋಲ್ಟ್ ನೋಡಿ. ಸೊಲೆನಾಯ್ಡ್ ವಾಲ್ವ್, ಸ್ಟ್ರೋಬ್ ಲೈಟ್, ಕ್ಯಾಮೆರಾ ಮೂರನ್ನೂ ಒಂದೇ ಎಸ್‌ಎಂಪಿಎಸ್‌ಗೆ ಕಟ್ಟಿದ್ದರೆ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಮಲ್ಟಿಮೀಟರಿನ ಸಾಮಾನ್ಯ ಓದಿನಲ್ಲಿ ಇದು ಸಿಗುವುದಿಲ್ಲ. ಮಿನ್ ಮ್ಯಾಕ್ಸ್ ಹಿಡಿಯುವ ಮೀಟರ್ ಅಥವಾ ಸ್ಕೋಪ್ ಬೇಕು. ಕ್ಯಾಮೆರಾಕ್ಕೆ ಬೇರೆ ಎಸ್‌ಎಂಪಿಎಸ್ ಕೊಡಿ, ಕಾಯಿಲ್‌ಗಳಿಗೆ ಡಯೋಡ್ ಹಾಕಿ.

ಡ್ರೈವ್ ಶುರುವಾದಾಗ ಅಂದರೆ ಮೋಟಾರ್ ಕೇಬಲ್ ಮತ್ತು ನೆಟ್‌ವರ್ಕ್ ಕೇಬಲ್ ಒಂದೇ ಟ್ರೇಯಲ್ಲಿ ಮಲಗಿವೆಯಾ ನೋಡಿ. ಬೇರೆ ಮಾಡಿ. ಶೀಲ್ಡ್ ಇರುವ ಕೇಬಲ್ ಹಾಕಿ, ಅರ್ಥಿಂಗ್ ಬಿಗಿ ಮಾಡಿ.

ಪಿಸಿ ಆಧಾರಿತ ವಿಷನ್ ಆದರೆ

ಮೇಲಿನದೆಲ್ಲ ಇಲ್ಲಿಯೂ ನಡೆಯುತ್ತದೆ. ಜೊತೆಗೆ ನಾಲ್ಕು ಜಾಗ ನೋಡಿ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಫೈರ್‌ವಾಲ್. ಈಥರ್‌ನೆಟ್/ಐಪಿಗೆ ಟಿಸಿಪಿ ಪೋರ್ಟ್ 44818 ಮತ್ತು ಯುಡಿಪಿ 2222, ಮಾಡ್‌ಬಸ್‌ಗೆ 502, ಸೀಮೆನ್ಸ್ ಎಸ್7ಗೆ 102 ತೆರೆದಿರಬೇಕು. ಎಸ್7-1200ರ ಡೇಟಾ ಬ್ಲಾಕನ್ನು ಪಿಸಿಯಿಂದ ಎಸ್7 ಮೂಲಕ ನೇರ ಓದುವುದಾದರೆ ಪುಟ್/ಗೆಟ್ ಅನುಮತಿ ಕೊಡಬೇಕು, ಆ ಬ್ಲಾಕಿನ ಆಪ್ಟಿಮೈಸ್ಡ್ ಟಿಕ್ ತೆಗೆಯಬೇಕು, ರ್‍ಯಾಕ್ 0 ಸ್ಲಾಟ್ 1 ಕೊಡಬೇಕು. ಹಳೇ ಎಸ್7-300ಕ್ಕೆ ಬರೆದ ಕೋಡ್ ಆದರೆ ಸ್ಲಾಟ್ 2 ಅಂತ ಇರುತ್ತದೆ, ಬದಲಾಯಿಸಿ. ಮಾಡ್‌ಬಸ್‌ನಲ್ಲಿ ಎಲ್ಲ ಅಂಕಿಯೂ ಒಂದು ರಿಜಿಸ್ಟರ್ ಪಕ್ಕಕ್ಕೆ ಸರಿದಿದ್ದರೆ ಆಶ್ಚರ್ಯ ಬೇಡ. ಕೈಪಿಡಿಯಲ್ಲಿ 40001 ಅಂತ ಬರೆದಿದ್ದು ವೈರಿನ ಮೇಲೆ 0.

ಕೊನೆಗೆ ಪಿಸಿಯ ಸ್ಲೀಪ್ ಸೆಟ್ಟಿಂಗ್. ನೆಟ್‌ವರ್ಕ್ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಪವರ್ ಉಳಿಸಲು ಈ ಸಾಧನ ಆಫ್ ಮಾಡಬಹುದು’ ಅನ್ನುವ ಟಿಕ್ ಇರುತ್ತದೆ. ಊಟದ ಬ್ರೇಕ್ ಆದ ಮೇಲೆ ಮಾತ್ರ ಕ್ಯಾಮೆರಾ ಸಿಗುತ್ತಿಲ್ಲ ಅನ್ನುವ ಕಂಪ್ಲೇಂಟ್ ಬಂದರೆ, ಬೇರೆಲ್ಲ ಬಿಚ್ಚುವ ಮೊದಲು ಆ ಟಿಕ್ ತೆಗೆದು ನೋಡಿ.